ಚೆನ್ನಾಜಮ್ಮನಿಗಾಗಿ ಕೂತದ್ದು

ಕೈಯಲ್ಲಿ ಏನಾದರೂ ಕೆಲಸವಿದ್ದರೆ ಅದನ್ನು ಪಕ್ಕಕ್ಕಿಟ್ಟು ಕೂತುಕೊಳ್ಳಿ. ಬಟಾಣಿ ಸುಲಿಯುತ್ತಲೋ ಬಟ್ಟೆ ಮಡಚುತ್ತಲೋ ಕೇಳುವ ಕಥೆ ಇದಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ನಾನು ದಾಕ್ಷಾಯಿಣಿ, ಈ ಊರಿನ ಹಿಟ್ಟಿನ ಗಿರಣಿ ನನ್ನದು. ವರ್ಷಗಟ್ಟಲೆ ಗಿರಣಿಯ ಸದ್ದಿಗಿಂತ ಮೇಲೆ ಕೂಗಿ ಕೂಗಿ ನನ್ನ ದನಿ ಒರಟಾಗಿಬಿಟ್ಟಿದೆ. ಗದರಿಸಿದ ಹಾಗೆ ಕೇಳಿಸಿದರೆ ಬೇಸರ ಮಾಡಿಕೊಳ್ಳಬೇಡಿ, ಪ್ರೀತಿಯಿಂದ ಮಾತಾಡಿದರೂ ನನ್ನದು ಹಾಗೆಯೇ ಕೇಳಿಸುತ್ತದೆ.

ನಮ್ಮೂರಿನಲ್ಲಿ ಕಾಯುವುದನ್ನು ಹಂಚಿಕೊಳ್ಳಬಹುದು. ಒಬ್ಬರೇ ಕೂತರೆ ಸಂಜೆಗೆ ಬರುವ ಬಸ್ಸು ಇಬ್ಬರು ಕೂತರೆ ಮಧ್ಯಾಹ್ನಕ್ಕೆ ಬರುತ್ತದೆ, ನಾಲ್ವರು ಕೂತರೆ ಇನ್ನೂ ಬೇಗ. ಡ್ರೈವರನ್ನು ಕೇಳಿದರೆ, ಇವತ್ತು ರಸ್ತೆ ಖಾಲಿ ಇತ್ತು ಎನ್ನುತ್ತಾನೆ ಅಷ್ಟೆ. ಹೀಗಾಗಿ ನಮ್ಮಲ್ಲಿ ದಾರಿ ನೋಡುತ್ತ ನಿಂತವರನ್ನು ಕಂಡರೆ, ಬೇರೆ ಊರಿನವರು ಊಟ ಆಯ್ತಾ ಎಂದು ಕೇಳುವ ಹಾಗೆ, 'ಏನಕ್ಕೆ ಕಾಯ್ತಿದೀರ?' ಎಂದು ಕೇಳುವುದು ವಾಡಿಕೆ. ಕೇಳಿದ ಮೇಲೆ ಸ್ವಲ್ಪ ಹೊತ್ತಾದರೂ ಪಕ್ಕದಲ್ಲಿ ಕೂರಬೇಕು. ಕೂತವರ ಮನೆಗೆ ಕಾಯುವ ಕೆಲಸ ಬಂದಾಗ ನಾವೂ ಹೋಗಿ ಕೂರಬೇಕು. ಮದುವೆಯ ಮುಯ್ಯಿ ಇದ್ದ ಹಾಗೆಯೇ ಇದು.

ಕೂರುವುದಕ್ಕೂ ಒಂದು ಕ್ರಮ ಇದೆ. ಕೈ ಖಾಲಿ ಇರಬೇಕು. ಕೈಯಲ್ಲಿ ಕೆಲಸ ಹಿಡಿದು ಕೂತರೆ ಲೆಕ್ಕಕ್ಕಿಲ್ಲ. ಮಾತಾಡಬಹುದು, ಆದರೆ ಕಾಯುತ್ತಿರುವುದರ ಬಗ್ಗೆಯೇ ಮಾತಾಡಬೇಕು. ಎಲ್ಲಕ್ಕಿಂತ ಮುಖ್ಯ, ಏನಕ್ಕೆ ಕಾಯುತ್ತಿದ್ದೇವೆ ಎಂಬುದನ್ನು ಕಾಯುವವರೇ ತಮ್ಮ ಬಾಯಿಂದ ಹೇಳಿರಬೇಕು. ಇನ್ನೊಬ್ಬರಿಂದ ಕೇಳಿ ತಿಳಿದುಕೊಂಡು ಎಷ್ಟು ಜನ ಕೂತರೂ ಒಂದು ಗಳಿಗೆಯೂ ಕಮ್ಮಿಯಾಗುವುದಿಲ್ಲ. ಇನ್ನು ಮಾಗಬೇಕಾದ್ದಕ್ಕೆ ಕೂರಬಾರದು. ಹೆರಿಗೆಗೆ, ಉಪ್ಪಿನಕಾಯಿಗೆ, ಮೂಳೆ ಕೂಡಿಕೊಳ್ಳುವುದಕ್ಕೆ ಯಾರೂ ಕೂರುವುದಿಲ್ಲ. ಒಮ್ಮೆ ಹತ್ತನೇ ಕ್ಲಾಸಿನ ಫಲಿತಾಂಶಕ್ಕೆ ಅಪ್ಪ ಅಮ್ಮಂದಿರೆಲ್ಲ ಒಟ್ಟಿಗೆ ಕೂತು, ಉತ್ತರ ಪತ್ರಿಕೆ ತಿದ್ದುವ ಮೊದಲೇ ಫಲಿತಾಂಶ ಬಂದು, ಊರಿನ ಅಷ್ಟೂ ಮಕ್ಕಳು ಫೇಲಾಗಿದ್ದರು. ಆಮೇಲಿಂದ ಬುದ್ಧಿ ಬಂತು.

ನನ್ನ ಗಿರಣಿಯ ಗೋಡೆಗೆ ಅಂಟಿಕೊಂಡೇ ಚೆನ್ನಾಜಮ್ಮನ ಅಂಗಡಿ. ರವಿಕೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಆ ಒಂದು ಮಿಷನ್ನಿನಲ್ಲೇ ಮಗಳು ಇಂದುಮತಿಯನ್ನು ಓದಿಸಿದಳು. ಊರಿನ ಹೆಂಗಸರ ಅಳತೆಯೆಲ್ಲ ಅವಳ ತಲೆಯಲ್ಲಿತ್ತು, ಗುಟ್ಟೆಲ್ಲ ಹೊಟ್ಟೆಯಲ್ಲಿತ್ತು. ಯಾರು ಬಸುರಿ, ಯಾರು ಸೊರಗಿದ್ದಾರೆ, ಯಾರ ಬೆನ್ನ ಮೇಲೆ ಬಾಸುಂಡೆ ಎದ್ದಿದೆ ಎಂಬುದು ಗಂಡಂದಿರಿಗಿಂತ, ತಾಯಂದಿರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಒಂದು ಮಾತೂ ಆಚೆ ಬೀಳುತ್ತಿರಲಿಲ್ಲ. ಪಕ್ಕದಲ್ಲೇ ಇರುವ ನಾನು ಎಷ್ಟೋ ಸಲ ಬಾಯಿ ಬಿಡಿಸಲು ನೋಡಿ ಸೋತಿದ್ದೇನೆ.

ಇನ್ನೊಬ್ಬರಿಗಾಗಿ ಕಾಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಯಾರೇ ಕರೆಯಲಿ, ಮಿಷನ್ನಿಗೆ ಮುಸುಕು ಹಾಕಿ, ಬೆರಳಿನ ಟೋಪಿ ಕಳಚಿಟ್ಟು, ಬಂದು ಕೂತುಬಿಡುವಳು. ಹಾವು ಕಚ್ಚಿದ ಹುಡುಗಿಗೆ ಔಷಧ ಬರಲಿ ಎಂದು ಕೂತಿದ್ದಳು. ದುಬೈಗೆ ಹೋಗಿ ಸುದ್ದಿಯೇ ಇಲ್ಲದ ಯಾರದೋ ಗಂಡನ ಫೋನಿಗೆ ಕೂತಿದ್ದಳು. ತನಗಾಗಿ ಮಾತ್ರ ಯಾರನ್ನೂ ಕರೆದವಳಲ್ಲ. 'ನಂದೇನಿರುತ್ತೆ ಬಿಡೇ' ಎನ್ನುವಳು.

ಇಂದುಮತಿಗೆ ಒಂದು ಒಳ್ಳೆಯ ಕಡೆಯಿಂದ ಮಾತು ಬಂದಿತ್ತು. ನೋಡುವ ಶಾಸ್ತ್ರ ಮುಗಿದು, ಗಂಡಿನವರ ಒಪ್ಪಿಗೆ ಬರುವುದೊಂದು ಬಾಕಿ. ನಿಶ್ಚಿತಾರ್ಥಕ್ಕೆ ತನಗೂ ಒಂದು ರವಿಕೆ ಇರಲಿ ಎಂದು ಚೆನ್ನಾಜಮ್ಮ ಕನ್ನಡಿಯ ಮುಂದೆ ನಿಂತು ಟೇಪು ಸುತ್ತಿಕೊಂಡಳು. ಇನ್ನೊಬ್ಬರ ಅಳತೆ ತೆಗೆದು ತೆಗೆದು ತನ್ನದೇ ಅಳತೆ ತೆಗೆದುಕೊಂಡು ಎಷ್ಟೋ ವರ್ಷವಾಗಿತ್ತು. ಟೇಪಿನ ಕೆಳಗೆ, ಎಡ ಎದೆಯ ಮಗ್ಗುಲಿಗೆ, ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಗಜ್ಜುಗದ ಕಾಯಿಯಷ್ಟು. ನೋವಿರಲಿಲ್ಲ. ನೋವಿದ್ದಿದ್ದರೆ ಅವತ್ತೇ ಆಸ್ಪತ್ರೆಗೆ ಓಡುತ್ತಿದ್ದೆ ಎಂದು ಆಮೇಲೆ ನನಗೆ ಹೇಳಿದಳು. ನೋವಿಲ್ಲದ್ದರಿಂದ ರವಿಕೆ ಹೊಲಿದಳು, ಹಬ್ಬ ಮಾಡಿದಳು, ಮಗಳಿಗೆ ಎಣ್ಣೆ ನೀರು ಹಾಕಿದಳು. ದಿನಾ ಬೆಳಗ್ಗೆ ಮುಟ್ಟಿ ನೋಡಿಕೊಳ್ಳುವಳು. ಹೋಗಿರಬಹುದು ಎಂಬ ಆಸೆ. ಅದು ಇದ್ದಲ್ಲೇ ಇರುತ್ತಿತ್ತು, ಸ್ವಲ್ಪ ದಪ್ಪವೂ ಆಗಿರುತ್ತಿತ್ತು.

ಕೊನೆಗೆ ಯಾರಿಗೂ ಹೇಳದೆ ದಿಬ್ಬದ ಮೇಲಿನ ಆಸ್ಪತ್ರೆಗೆ ಹೋದಳು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಮೆಹಜಬೀನ್ ಹೊರ ಊರಿನ ಹುಡುಗಿ, ಮಾತು ನೇರ. ಮುಟ್ಟಿ ನೋಡಿ, ಸೂಜಿ ಹಾಕಿ ಒಂಚೂರು ತೆಗೆದು, ಸಣ್ಣ ಡಬ್ಬಿಗೆ ಹಾಕಿ ಮುಚ್ಚಿದಳು.

"ಇದನ್ನ ಸಿಟಿಯ ಲ್ಯಾಬಿಗೆ ಕಳಿಸ್ತೀನಿ ಅಮ್ಮ. ಅಲ್ಲಿ ನೋಡೋ ಡಾಕ್ಟರು ಒಬ್ಬರೇ. ಸುತ್ತಲಿನ ಅಷ್ಟೂ ಊರಿಂದು ಅವರಿಗೇ ಹೋಗುತ್ತೆ. ವರದಿ ಬರೋಕೆ ಎರಡು ತಿಂಗಳಾಗಬಹುದು."

"ಆಮೇಲೆ?"

"ಕ್ಯಾನ್ಸರ್ ಅಂತ ಬಂದ್ರೆ ಸ್ಕ್ಯಾನಿಗೆ ಸರದಿ, ಆಪರೇಷನ್‌ಗೆ ಸರದಿ. ಅಲ್ಲೂ ಹಿಂಗೇ."

"ಅಷ್ಟರಲ್ಲಿ ಇದು ಸುಮ್ನಿರುತ್ತಾ?"

ಡಾಕ್ಟರು ಕೈ ತೊಳೆದುಕೊಂಡಳು. ಆಮೇಲೆ ತಿರುಗಿ, "ನಿಮ್ಮೂರಲ್ಲಿ ಜನ ಕೂತ್ರೆ ಬೇಗ ಬರುತ್ತಂತಲ್ಲ, ನರ್ಸ್ ಹೇಳ್ತಿದ್ರು. ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೂ ಕೂರ್ಸಿ. ಎಷ್ಟು ಜನ ಸಿಕ್ತಾರೋ ಅಷ್ಟು ಜನಾನ ಕೂರ್ಸಿ" ಎಂದಳು.

ಆಸ್ಪತ್ರೆಯ ಗೋಡೆಯುದ್ದಕ್ಕೂ ಸಿಮೆಂಟಿನ ಒಂದು ಬೆಂಚಿದೆ. ಕೂರುವುದಕ್ಕೆಂದೇ ಊರಿನವರು ಕಟ್ಟಿಸಿದ್ದು, ಅರ್ಧ ಊರು ಹಿಡಿಸುತ್ತದೆ. ಚೆನ್ನಾಜಮ್ಮ ಹೊರಗೆ ಬಂದು ಆ ಬೆಂಚನ್ನು ನೋಡಿದಳು, ಸೆರಗು ಹೊದ್ದು ಮನೆಗೆ ನಡೆದಳು. ಆ ಬೆಂಚಿನ ಮೇಲೆ ಎಂತೆಂಥದ್ದಕ್ಕೋ ಜನ ಕೂತಿದ್ದಾರೆ, ಆದರೆ ಈ ಕಾಯಿಲೆಗೆ ಯಾರೂ ಕೂತದ್ದಿಲ್ಲ. ಹೆಸರನ್ನೇ ಹೇಳುತ್ತಿರಲಿಲ್ಲವಲ್ಲ ನಾವು! 'ಆ ಕಾಯಿಲೆ' ಎಂದು ದನಿ ತಗ್ಗಿಸಿ ಹೇಳಿ, ಹೇಳಿದ ಬಾಯಿಗೆ ತಟ್ಟಿಕೊಳ್ಳುತ್ತಿದ್ದೆವು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದಂತೆ ಎಂದು ಒಬ್ಬರು ಅಂದರೂ ಸಾಕು, ಇಂದುಮತಿಯ ಸಂಬಂಧ ಮುರಿದು ಬೀಳುತ್ತದೆ. ಹೇಳಿದರೆ ಮಗಳ ಬಾಳು, ಹೇಳದಿದ್ದರೆ ತನ್ನ ಬಾಳು. ಅವಳು ಹೇಳದೆ ಉಳಿದಳು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆನೋ ಏನೋ.

ಆದರೆ ಕಾಯುವವರ ಮುಖ ನಮ್ಮೂರಿನಲ್ಲಿ ಮುಚ್ಚಿಟ್ಟುಕೊಳ್ಳಲಾಗದು. ಮಿಷನ್ ತುಳಿಯುತ್ತ ತುಳಿಯುತ್ತ ನಿಲ್ಲಿಸುವಳು, ರಸ್ತೆಯ ಕಡೆ ನೋಡುವಳು. ಎರಡು ದಿನ ನೋಡಿ ನಾನು ಕೇಳಿಯೇಬಿಟ್ಟೆ.

"ಏನಕ್ಕೇ ಕಾಯ್ತಿದೀಯ ಚೆನ್ನಾಜಿ?"

ಅವಳು ಬೆಚ್ಚಿದಳು. ಆಮೇಲೆ, "ಮಿಷನ್ನಿಗೆ ಮೋಟಾರ್ ಹೇಳಿದ್ನಲ್ಲ, ಅದು ಬಂದಿಲ್ಲ ಕಣೇ" ಎಂದಳು.

ಸುಳ್ಳೇನಲ್ಲ. ಮಂಡಿ ನೋವೆಂದು ಹಿಂದೆ ಯಾವತ್ತೋ ಮೋಟಾರಿಗೆ ಹೇಳಿದ್ದಳು. ಅದು ಬಂದರೂ ಸರಿ, ಬಾರದಿದ್ದರೂ ಸರಿ ಎಂದು ಮರೆತೂ ಇದ್ದಳು. ನಾನೋ, ಚೆನ್ನಾಜಮ್ಮ ಬಾಯಿಬಿಟ್ಟು ಒಂದು ಕೇಳಿದಳಲ್ಲ ಎಂಬ ಖುಷಿಗೆ ಗಿರಣಿಗೆ ಬಂದವರಿಗೆಲ್ಲ ಡಂಗುರ ಸಾರಿದೆ. ಬೇರೆಯವರ ಬಾಯಿಂದ ಕೇಳಿದರೆ ನಡೆಯದಲ್ಲ, ಒಬ್ಬೊಬ್ಬರೇ ಅವಳ ಅಂಗಡಿಗೆ ಹೋಗಿ ಅವಳ ಬಾಯಿಂದಲೇ ಕೇಳಿಕೊಂಡು ಬಂದರು. ಬಂದವರಿಗೆಲ್ಲ ಅವಳು ಅದೇ ಮಾತು ಹೇಳಬೇಕಾಯಿತು. ಮಾರನೆಯ ಬೆಳಗ್ಗೆ ಅವಳ ಅಂಗಡಿಯ ಮುಂದೆ ಜಾತ್ರೆಯಂತೆ ಜನ. ವರ್ಷಗಟ್ಟಲೆ ಅವಳನ್ನು ಕೂರಿಸಿಕೊಂಡವರೆಲ್ಲ ಬಂದಿದ್ದರು. ಹೊಸಿಲ ಮೇಲೆ, ಮೆಟ್ಟಿಲ ಮೇಲೆ, ನನ್ನ ಗಿರಣಿಯ ಮೂಟೆಗಳ ಮೇಲೆ ಕೂತು, ಕೈ ಕಟ್ಟಿಕೊಂಡು ಮೋಟಾರಿನ ಬಗ್ಗೆಯೇ ಮಾತಾಡಿದರು. ಮೋಟಾರಿನ ಬಗ್ಗೆ ಎಷ್ಟು ಮಾತಾಡಲಾದೀತು ಹೇಳಿ? ಆದರೂ ಮಾತಾಡಿದರು.

ಎರಡು ಗಂಟೆಯೊಳಗೆ ಪಾರ್ಸೆಲ್ ಲಾರಿ ಧೂಳೆಬ್ಬಿಸಿಕೊಂಡು ಬಂತು. ಜನ ಚಪ್ಪಾಳೆ ತಟ್ಟಿದರು. ಯಾರೋ ಮೋಟಾರಿಗೆ ಕುಂಕುಮ ಇಟ್ಟರು. ಚೆನ್ನಾಜಮ್ಮ ಎಲ್ಲರಿಗೂ ಮಂಡಕ್ಕಿ, ಕಾಫಿ ಕೊಟ್ಟಳು. ಕೊಡುವಾಗ ಅವಳ ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೆ ಎಂದುಕೊಂಡೆವು. 'ಇಷ್ಟು ಜನ, ಇಷ್ಟು ಪ್ರೀತಿ, ಎಲ್ಲಾ ಒಂದು ಮೋಟಾರಿಗೆ ಹೋಯ್ತಲ್ಲೇ ದಾಕ್ಷಿ' ಎಂದು ಆಮೇಲೊಂದು ದಿನ ನನಗೆ ಹೇಳಿದಳು. ಈಗ ಇನ್ನೊಂದಕ್ಕೆ ಕೂರಿ ಎಂದು ಯಾವ ಮುಖದಲ್ಲಿ ಕೇಳುವುದು ಎಂಬ ಸಂಕೋಚ ಅವಳಿಗೆ.

ಮೋಟಾರು ಡಬ್ಬಿಯಲ್ಲೇ ಉಳಿಯಿತು. ಮಧ್ಯಾಹ್ನ ಊರು ಊಟಕ್ಕೆ ಒಳಗೆ ಸೇರಿದಾಗ ಅವಳು ಸದ್ದಿಲ್ಲದೆ ದಿಬ್ಬ ಹತ್ತಿ, ಆ ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ ಒಬ್ಬಳೇ ಕೂರುವಳು. ಯಾರಾದರೂ ಕೇಳಿದರೆ ಮಂಡಿ ನೋವಿನ ಮಾತ್ರೆಗೆ ಬಂದೆ ಎನ್ನುವಳು. ಡಾಕ್ಟರು ಕಿಟಕಿಯಿಂದ ನೋಡಿ ತಲೆಯಾಡಿಸಿ ಒಳಗೆ ಹೋಗುವಳು. ಒಬ್ಬರ ಕಾಯುವಿಕೆ ಇದ್ದಷ್ಟೇ ಇರುತ್ತದೆ. ದಿನಕ್ಕೆ ಒಂದು ದಿನ ಮಾತ್ರ ಕಳೆಯುತ್ತಿತ್ತು.

ಹೀಗಿರುವಾಗ ಜಯಶೀಲಾ ಟೀಚರ್ ರವಿಕೆ ಬಟ್ಟೆ ತಂದರು. ಪ್ರೈಮರಿ ಶಾಲೆಯಲ್ಲಿ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು. ನೆಟ್ಟಗೆ ನಿಲ್ಲುವ, ಯಾರೊಂದಿಗೂ ಹೆಚ್ಚು ಬೆರೆಯದ ಹೆಂಗಸು. ಅವರದೊಂದು ಗುಟ್ಟು ಚೆನ್ನಾಜಮ್ಮನಿಗೆ ಮಾತ್ರ ಗೊತ್ತಿತ್ತು. ಹಿಂದೆ ಟೀಚರು ರಜೆ ಹಾಕಿ ಎಲ್ಲೋ ಹೋಗಿ ಬಂದ ಮೇಲೆ ಅವರ ರವಿಕೆಗಳಿಗೆಲ್ಲ ಬಲಗಡೆ ಹತ್ತಿಯ ಒಳಪದರ ಇಟ್ಟು ಹೊಲಿಯುತ್ತಿದ್ದವಳು ಇವಳೇ. ಎಷ್ಟು ಚೆನ್ನಾಗಿ ಹೊಲಿಯುತ್ತಿದ್ದಳೆಂದರೆ ಅವರ ಜೊತೆ ಪಾಠ ಮಾಡಿದವರಿಗೂ ತಿಳಿಯಲಿಲ್ಲ. ಇಬ್ಬರೂ ಅದರ ಬಗ್ಗೆ ಒಂದು ಮಾತು ಆಡಿದವರಲ್ಲ.

ಆ ದಿನ ಟೀಚರಿಗೆ ಟೇಪು ಸುತ್ತಲು ಚೆನ್ನಾಜಮ್ಮ ಎದ್ದಳು. ಬಲಗಡೆ ಬಂದಾಗ ಟೇಪು ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡಳು, ಎದ್ದು ನಿಲ್ಲಲಿಲ್ಲ. ಹಾಗೆಯೇ ಕೆಳಗೆ ಕೂತಳು.

ಟೀಚರು ಅವಳತ್ತ ಬಗ್ಗಿದರು. ಮೆಲ್ಲಗೆ ಕೇಳಿದರು: "ಎಡಕ್ಕಾ, ಬಲಕ್ಕಾ?"

"ಎಡಕ್ಕೆ ಟೀಚರ್."

ಟೀಚರು ಬಾಗಿಲು ಮುಂದೆ ಮಾಡಿ ಬಂದು, ರೇಷ್ಮೆ ಸೀರೆ ಉಟ್ಟವರು ಅದೇ ಚಿಂದಿ ಬಟ್ಟೆಗಳ ಮಧ್ಯೆ ಅವಳ ಪಕ್ಕ ಕೂತರು. "ಯಾರ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ. ಇಂದೂದು ಒಂದು ಒಪ್ಪಿಗೆ ಆಗಿಬಿಡಲಿ, ಆಮೇಲೆ..."

"ನಾನೂ ಹಿಂಗೇ ಅಂದ್ಕೊಂಡಿದ್ದೆ. ಪರೀಕ್ಷೆ ಮುಗೀಲಿ, ಆಮೇಲೆ. ರಜೆ ಬರಲಿ, ಆಮೇಲೆ. ವರದಿ ಬರೋವರೆಗೂ ಆ ಬೆಂಚಿಗೂ ಹೋಗ್ಲಿಲ್ಲ, ಮನೇಲಿ ಬಾಗ್ಲು ಹಾಕ್ಕೊಂಡು ಒಬ್ಬಳೇ ಕಾದೆ. ಅದು ಬರೋ ಹೊತ್ತಿಗೆ ಗಂಟು ಕಂಕುಳಿಗೆ ಹಬ್ಬಿತ್ತು ಚೆನ್ನಾಜಿ. ಒಂದಿಷ್ಟು ತೆಗೆದಿದ್ರೆ ಆಗ್ತಿದ್ದಿದ್ದು, ಪೂರ್ತಿ ತೆಗೀಬೇಕಾಯ್ತು. ಈ ಕೈ ಇವತ್ತಿಗೂ ಮೇಲೆ ಎತ್ತಕ್ಕಾಗಲ್ಲ. ಬೋರ್ಡಿನ ಮೇಲೆ ಬರೆಯೋಕೆ ಮಕ್ಕಳನ್ನ ಕರೀತಿದ್ದೆ, ಟೀಚರಿಗೆ ಎಷ್ಟು ಪ್ರೀತಿ ಅಂತ ಅವು ಹಿಗ್ಗೋವು."

ಚೆನ್ನಾಜಮ್ಮ ಅವರ ಕೈಯನ್ನು ಮುಟ್ಟಿದಳು.

"ನೀನು ಅಷ್ಟು ಚೆನ್ನಾಗಿ ಹೊಲಿದು ಕೊಟ್ಟೆ, ಯಾರಿಗೂ ಗೊತ್ತಾಗ್ಲಿಲ್ಲ. ಗೊತ್ತಾಗಬೇಕಿತ್ತು ಕಣೇ. ಗೊತ್ತಾಗಿದ್ರೆ ಇವತ್ತು ನೀನು ಇಲ್ಲಿ ಕೂತು ಅಳ್ತಿರ್ಲಿಲ್ಲ."

ಆ ಮಧ್ಯಾಹ್ನ ಬೆಂಚಿನ ತುದಿಯಲ್ಲಿ ಇಬ್ಬರು ಕೂತರು. ಕಾಯುವುದು ಅರ್ಧವಾಯಿತು. ಅರ್ಧವೂ ತುಂಬ ಉದ್ದವೇ ಇತ್ತು. 'ನಾನು ಊರಿಗೆಲ್ಲ ಹೇಳಿಬಿಡೋಣ ಅಂದ್ರೆ ನಡೆಯಲ್ಲ, ನೀನೇ ಹೇಳಬೇಕು' ಎಂದು ಟೀಚರು ಗಿಣಿಗೆ ಹೇಳಿದ ಹಾಗೆ ಹೇಳಿದರು. ಚೆನ್ನಾಜಮ್ಮ ರಾತ್ರಿಯ ಊಟ ಬಡಿಸುವಾಗ ಮೊದಲು ಮಗಳಿಗೆ ಹೇಳಿದಳು. ಇಂದುಮತಿ ತಟ್ಟೆಯಲ್ಲೇ ಕೈ ತೊಳೆದಳು. "ನನಗೋಸ್ಕರ ಸುಮ್ನಿದ್ಯಾ?" ಎಂದು ಒಂದೇ ಸಲ ಕೇಳಿ, ಅಮ್ಮನ ಮಡಿಲಲ್ಲಿ ಮುಖ ಇಟ್ಟು ಮಲಗಿದಳು.

ಮಾರನೆಯ ಬೆಳಗ್ಗೆ ನನ್ನ ಗಿರಣಿಯಲ್ಲಿ ರಾಗಿ ಡಬ್ಬಿ, ಗೋಧಿ ಡಬ್ಬಿ ಹಿಡಿದು ಹೆಂಗಸರ ಸಾಲೇ ಇತ್ತು. ಚೆನ್ನಾಜಮ್ಮ ಬಾಗಿಲಲ್ಲಿ ಬಂದು ನಿಂತಳು. ಒಂದು ಕಡೆ ಟೀಚರು, ಇನ್ನೊಂದು ಕಡೆ ಮಗಳು. ಬಾಯಿ ಆಡುತ್ತಿದೆ, ಗಿರಣಿಯ ಸದ್ದಿಗೆ ಏನೂ ಕೇಳಿಸುತ್ತಿಲ್ಲ. 'ಜೋರಾಗಿ ಹೇಳೇ!' ಎಂದು ನಾನು ಕೂಗಿದೆ. ಅವಳ ಮುಖ ನೋಡಿದ ಮೇಲೆ ಹೋಗಿ ಸ್ವಿಚ್ಚು ಆರಿಸಿದೆ. ತಿರುಗುವ ಬೆಲ್ಟು ನಿಧಾನಕ್ಕೆ ನಿಂತಿತು. ಹಿಟ್ಟಿನ ಧೂಳಿನ ಮಧ್ಯೆ ಎಲ್ಲರೂ ಅವಳ ಕಡೆ ತಿರುಗಿದರು.

"ನನ್ನ ಎದೇಲಿ ಗಂಟಾಗಿದೆ," ಎಂದಳು ಚೆನ್ನಾಜಮ್ಮ. "ಕ್ಯಾನ್ಸರ್ ಅಂತ ಅನುಮಾನ. ಅದರ ವರದಿಗೆ ಕಾಯ್ತಿದೀನಿ. ಮೋಟಾರಿಗಲ್ಲ."

ಇಬ್ಬರು ಬಾಯಿಗೆ ತಟ್ಟಿಕೊಂಡರು. ಊರಿಗೇ ಹಿರಿಯಳಾದ ಕಾಳಮ್ಮಜ್ಜಿ ತನ್ನ ರಾಗಿ ಡಬ್ಬಿಯ ಮೇಲೆ ಕೂತಿದ್ದವಳು ಮೊದಲು ಮಾತಾಡಿದಳು. ಅವಳು ಕೆಟ್ಟವಳಲ್ಲ. ಭಯ ಅವಳಿಗೆ.

"ಅಲ್ಲ ಕಣವ್ವ, ಒಳ್ಳೇದು ಬರ್ಲಿ ಅಂತ ಕುಂತ್ಕತೀವಿ. ಕೆಟ್ ಸುದ್ದಿ ಬಿರ್ರನೆ ಬರ್ಲಿ ಅಂತ ಯಾರಾರ ಕುಂತ್ಕಂಡಾರಾ? ನಾಕ್ ದಿನ ತಡವಾಗೇ ಬರ್ಲಿ ಬುಡು. ಅಲ್ಲೀಗಂಟ ನೆಮ್ಮದಿಯಾಗಾರ ಇರು."

ಆ ಮಾತಿಗೆ ಹಲವರು ತಲೆಯಾಡಿಸಿದರು. ನಿಜ ಹೇಳುತ್ತೇನೆ, ನನಗೂ ಅದು ಸರಿ ಎನಿಸಿತ್ತು.

"ಅಜ್ಜಿ, ಸುದ್ದಿ ಆಗ್ಲೇ ಬಂದು ನನ್ನೊಳಗೆ ಕೂತಿದೆ," ಎಂದಳು ಚೆನ್ನಾಜಮ್ಮ. "ಕಾಗದ ಬರೋದು ತಡ ಅಷ್ಟೆ. ಕಾಗದ ಬರ್ದೆ ಯಾರೂ ಕತ್ತರಿ ಮುಟ್ಟಲ್ವಂತೆ. ನಾವೆಲ್ಲ ಕಾಯ್ತಾ ಕೂತಿರ್ತೀವಿ, ಅದು ಮಾತ್ರ ಯಾರಿಗೂ ಕಾಯಲ್ಲ, ದಿನಾ ಬೆಳೀತಿದೆ. ನನಗೆ ಸಾಯೋಕೆ ಇಷ್ಟ ಇಲ್ಲ ಅಜ್ಜಿ. ಕೂರ್ತೀರಾ?"

ಆಗ ಜಯಶೀಲಾ ಟೀಚರು ಮುಂದೆ ಬಂದರು. ತಮ್ಮ ಬಲಗೈಯನ್ನು ಮೇಲೆತ್ತಲು ನೋಡಿದರು. ಅದು ಹೆಗಲಿನವರೆಗೆ ಬಂದು ನಿಂತಿತು. "ನನಗೂ ಇದೇ ಆಗಿತ್ತು," ಎಂದರು. "ಒಬ್ಬಳೇ ಕಾದದ್ದಕ್ಕೆ ಹಿಂಗಾಯ್ತು." ಅಷ್ಟು ಹೇಳಿ ದಿಬ್ಬದ ಕಡೆ ಹೊರಟರು. ಅವರ ಹತ್ತಿರ ಅಕ್ಷರ ಕಲಿತವರೇ ಅಲ್ಲಿದ್ದವರಲ್ಲಿ ಅರ್ಧ ಜನ. ಎಷ್ಟೋ ವರ್ಷ ಅವರಿಗಾಗಿ ಬೋರ್ಡಿನ ಮೇಲೆ ಬರೆದಿದ್ದವರು. ಡಬ್ಬಿಗಳು ಒಂದೊಂದಾಗಿ ನೆಲಕ್ಕಿಳಿದವು.

ನಾನು ಗಿರಣಿಗೆ ಬೀಗ ಹಾಕಿದೆ. ಕಾಳಮ್ಮಜ್ಜಿ ಕೊನೆಗೆ ಎದ್ದು, "ನಡೀರವ್ವ, ಯಾರಾರ ಕೈ ಹಿಡ್ಕಳಿ, ದಿಬ್ಬ ಹತ್ತಕಾಗಕಿಲ್ಲ" ಎಂದಳು.

ಇಡೀ ಬೆಂಚು ತುಂಬಿತು. ಸುದ್ದಿ ಕೇಳಿ ಬಂದವರೆಲ್ಲ ಮೊದಲು ಚೆನ್ನಾಜಮ್ಮನ ಮುಂದೆ ನಿಲ್ಲುವರು, ಅವಳು ತನ್ನ ಬಾಯಿಂದ ಹೇಳುವಳು, ಅವರು ಹೋಗಿ ಕೂರುವರು. ಮೊದಮೊದಲು ಅರ್ಧಕ್ಕೇ ನಿಲ್ಲಿಸಿ ಮತ್ತೆ ಶುರು ಮಾಡುವಳು. ಆಮೇಲಾಮೇಲೆ ಅಂಗಡಿಯಲ್ಲಿ ಅಳತೆ ಹೇಳುವಷ್ಟು ಸಲೀಸಾಗಿ ಹೇಳತೊಡಗಿದಳು. ಗಂಡಸರು ಬಂದಾಗ ಸ್ವಲ್ಪ ಮುಜುಗರವಾಯಿತು. ಬಂದವರೂ ನೆಲ ನೋಡಿಕೊಂಡೇ ಕೇಳಿದರು. ಕೂತ ಮೇಲೆ ಅದರ ಬಗ್ಗೆಯೇ ಮಾತಾಡಬೇಕಲ್ಲ, ಏನು ಮಾತಾಡುವುದು ಎಂದು ಯಾರಿಗೂ ತಿಳಿಯದು. ಟೀಚರೇ ಶುರು ಮಾಡಿದರು. ಗಂಟು ಹೇಗಿರುತ್ತದೆ, ಹೇಗೆ ಮುಟ್ಟಿ ನೋಡಿಕೊಳ್ಳಬೇಕು, ಸೂಜಿ ಎಷ್ಟು ಚುಚ್ಚುತ್ತದೆ, ಕೂದಲು ಉದುರಿದ್ದು ಹೇಗೆ, ಮತ್ತೆ ಬಂದದ್ದು ಹೇಗೆ. ಡಾಕ್ಟರು ಕಿಟಕಿ ತೆರೆದು ನಡುನಡುವೆ ಬಾಯಿ ಹಾಕಿದಳು. ನಮ್ಮೂರು ಹುಟ್ಟಿದಾಗಿನಿಂದ ಆಡದ ಮಾತೆಲ್ಲ ಆ ಒಂದು ಬೆಳಗ್ಗೆ ಆಡಿ ಮುಗಿಯಿತು.

"ಒಂದು ಪ್ರಶ್ನೆ," ಎಂದಳು ಡಾಕ್ಟರು. "ನೀವು ಕೂತು ಇವರದ್ದು ಮುಂದೆ ಬಂದ್ರೆ, ಬೇರೆ ಊರಿನ ಬಡವರದ್ದು ಹಿಂದೆ ಹೋಗಲ್ವಾ?"

ನಮಗೆ ಇದು ಹೊಳೆದೇ ಇರಲಿಲ್ಲ. ಎಲ್ಲರ ಮುಖ ಸಪ್ಪಗಾಯಿತು. ಚೆನ್ನಾಜಮ್ಮ ಎದ್ದು ನಿಂತಳು, ಯಾರದ್ದೋ ಜಾಗ ಕಿತ್ತುಕೊಂಡು ಬದುಕುವುದಾದರೆ ತನಗೆ ಬೇಡ ಎಂದು ಹೊರಡಲು ನೋಡಿದಳು. ಇಂದುಮತಿ ಸೆರಗು ಹಿಡಿದು ಕೂರಿಸಿದಳು. ಅಷ್ಟರಲ್ಲಿ ದಿಬ್ಬದ ಕೆಳಗೆ ಆಸ್ಪತ್ರೆಯ ಜೀಪು ಹಾರ್ನ್ ಹೊಡೆಯುತ್ತ ಬಂತು. ಡ್ರೈವರ್ ಇಳಿದ. ಅವನ ಎರಡು ಕೈ ತುಂಬ ಕಂದು ಬಣ್ಣದ ಲಕೋಟೆಗಳು.

"ಲ್ಯಾಬಲ್ಲಿ ಏನಾಯ್ತೋ ಗೊತ್ತಿಲ್ಲ ಮೇಡಂ. ಬೆಳಗ್ಗೆಯಿಂದ ಆ ಡಾಕ್ಟರು ಕಣ್ಣು ಮೇಲೆತ್ತಿಲ್ವಂತೆ. ಮೇಜಿನ ಮೇಲೆ ಇದ್ದಿದ್ದೆಲ್ಲ ಖಾಲಿ. ಸುತ್ತಮುತ್ತಲ ಅಷ್ಟೂ ಊರಿಂದೂ ಕೊಟ್ಟಿದಾರೆ, ದಾರೀಲಿ ಹಂಚ್ಕೊಂಡು ಹೋಗು ಅಂತ."

ಡಾಕ್ಟರು ಲಕೋಟೆಗಳನ್ನು ಒಂದೊಂದಾಗಿ ಸರಿಸಿ ಹುಡುಕಿದಳು. ಎಂಟು ಹತ್ತು ಊರಿನ ಹೆಸರುಗಳು. ನಾವು ಕಂಡು ಕೇಳದ ಹೆಂಗಸರು, ಗಂಡಸರು. ಅವರೂ ಎಲ್ಲೆಲ್ಲೋ ಒಬ್ಬೊಬ್ಬರೇ ಕೂತು ಕಾಯುತ್ತಿದ್ದವರು. ಸಾಲು ಮುರಿದಿರಲಿಲ್ಲ, ಇಡೀ ಸಾಲೇ ಮುಂದಕ್ಕೆ ಸರಿದಿತ್ತು. ಮೆಹಜಬೀನ್ ಕನ್ನಡಕ ತೆಗೆದು ಒರೆಸಿಕೊಂಡಳು.

ಚೆನ್ನಾಜಮ್ಮನದು ಕ್ಯಾನ್ಸರೇ. ಆದರೆ ಇನ್ನೂ ಇದ್ದಲ್ಲೇ ಇದೆ, ಎಲ್ಲಿಗೂ ಹಬ್ಬಿಲ್ಲ, ಬೇಗ ತೆಗೆದರೆ ವಾಸಿಯಾಗುವ ಮಟ್ಟದಲ್ಲಿದೆ ಎಂದು ಡಾಕ್ಟರು ಬೆಂಚಿನ ಮುಂದೆಯೇ ನಿಂತು ಓದಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಮೇಲೇಳಲೂ ಇಲ್ಲ. "ಮುಂದಿಂದು ಏನಕ್ಕೆ, ಹೇಳ್ಬುಡವ್ವ," ಎಂದಳು ಕಾಳಮ್ಮಜ್ಜಿ. ಚೆನ್ನಾಜಮ್ಮ ಹೇಳಿದಳು: ಸ್ಕ್ಯಾನಿಗೆ. ಕೂತೆವು. ಆಮೇಲೆ ಆಪರೇಷನ್ನಿನ ದಿನಕ್ಕೆ. ಅದಕ್ಕೂ ಕೂತೆವು, ಪಾಳಿ ಹಾಕಿಕೊಂಡು. ಆ ವಾರ ಊರಿನಲ್ಲಿ ಯಾರ ಮನೆಯಲ್ಲೂ ಸರಿಯಾಗಿ ಅಡುಗೆಯಾಗಲಿಲ್ಲ. ಗಿರಣಿ ಮುಚ್ಚಿತ್ತಲ್ಲ, ಹಿಟ್ಟೂ ಇರಲಿಲ್ಲ. ಬರೀ ಅನ್ನ ತಿಂದು ಬಂದು ಕೂತರು.

ಆಪರೇಷನ್ ಆಯಿತು. ಗಂಟು ತೆಗೆದರು, ಉಳಿದದ್ದು ಉಳಿಯಿತು. ಔಷಧಿಗೆ ಕೂದಲು ಉದುರಿತು, ಟೀಚರು ಹೇಳಿದ ಹಾಗೆಯೇ ಮತ್ತೆ ಬಂತು, ಈ ಸಲ ಗುಂಗುರಾಗಿ. ಗಂಡಿನ ಕಡೆಯವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಸುಮ್ಮನಾಗಿಬಿಟ್ಟರು. ಆ ಉತ್ತರಕ್ಕೆ ಬೇಕಾದರೆ ಕೂರೋಣ ಎಂದು ನಾವು ಕೇಳಿದಾಗ, ಅದಕ್ಕೆ ಯಾರೂ ಕೂರಬೇಡಿ ಎಂದು ಇಂದುಮತಿಯೇ ಹೇಳಿದಳು. ಚೆನ್ನಾಜಮ್ಮ ಒಂದು ದಿನ ಅತ್ತಳು. ಮರುದಿನ ಮೋಟಾರಿನ ಡಬ್ಬಿ ಬಿಚ್ಚಿ ಮಿಷನ್ನಿಗೆ ಹಾಕಿಸಿದಳು. ಜಯಶೀಲಾ ಟೀಚರ ಹೊಸ ರವಿಕೆಯೇ ಮೊದಲು. ಒಳಪದರ ಇಡಲಾ ಎಂದು ಕೇಳಿದಳಂತೆ. ಈಗ ಯಾಕೆ, ಸೆಕೆ ಆಗುತ್ತೆ ಎಂದರಂತೆ ಟೀಚರು.

ಆಮೇಲಿಂದ ಅಳತೆಗೆ ಹೋದವರನ್ನು ಚೆನ್ನಾಜಮ್ಮ ಸುಮ್ಮನೆ ಬಿಡುವುದಿಲ್ಲ. ಹುಡುಗಿಯಾಗಲಿ ಮುದುಕಿಯಾಗಲಿ, ಮುಟ್ಟಿ ನೋಡಿಕೊಳ್ಳುತ್ತೀಯಾ ಎಂದು ಕೇಳಿಯೇ ಟೇಪು ಬಿಚ್ಚುವುದು. ಬಾಯಿ ಬಿಡದವಳಿಗೆ ಈಗ ಬಾಯಿ ಬಂದಿದೆ ಎಂದು ನಾವೆಲ್ಲ ನಗುತ್ತೇವೆ. ಮೊನ್ನೆ ನಾನೂ ಒಂದು ರವಿಕೆಗೆ ಕೊಡಲು ಹೋದೆ. ಟೇಪು ನನ್ನ ಕಂಕುಳ ಹತ್ತಿರ ಬಂದು ನಿಂತಿತು.

"ದಾಕ್ಷಿ, ಇದೇನೇ ಇದು?"

"ಮೂಟೆ ಎತ್ತೀ ಎತ್ತೀ ನರ ಗಂಟು ಕಟ್ಟಿರಬೇಕು ಬಿಡೇ," ಎಂದೆ. "ನಂದೇನಿರುತ್ತೆ."

ಅವಳು ನಗಲಿಲ್ಲ. ಟೇಪನ್ನು ಕತ್ತಿಗೆ ಹಾಕಿಕೊಂಡು, ನನ್ನ ಕೈ ಹಿಡಿದು, ಗಿರಣಿಯ ಸ್ವಿಚ್ಚು ಆರಿಸಲೂ ಬಿಡದೆ ಎಳೆದುಕೊಂಡು ದಿಬ್ಬ ಹತ್ತಿದಳು. ದಾರಿಯುದ್ದಕ್ಕೂ ಬೈದೆ, ಬಿಡಲಿಲ್ಲ. ಮೆಹಜಬೀನ್ ಸೂಜಿ ಹಾಕಿ ಡಬ್ಬಿ ಮುಚ್ಚಿದಳು. ಈ ಸಲ ಡಾಕ್ಟರೇ ಹೊರಗೆ ಬಂದು ಬೆಂಚಿನ ಮೇಲೆ ಕೂತಳು.

ಆ ಬೆಂಚಿನಿಂದಲೇ ನಾನು ಮಾತಾಡುತ್ತಿರುವುದು. ಕೈ ಖಾಲಿ ಇದೆ, ಮಾತಾಡಿದ್ದೆಲ್ಲ ಇದರ ಬಗ್ಗೆಯೇ. ಬಾಯಿ ಬಡಾಯಿ ಎಷ್ಟೇ ಇರಲಿ, ನನಗೆ ಭಯವಾಗಿದೆ. ಪಕ್ಕದಲ್ಲಿ ಚೆನ್ನಾಜಮ್ಮ ಇದ್ದಾಳೆ, ಆಚೆಗೆ ಟೀಚರು, ಕಾಳಮ್ಮಜ್ಜಿ, ಇಂದುಮತಿ, ಊರಿನ ಬಹಳ ಜನ. ನಿಮ್ಮಂಥ ಹೊರ ಊರಿನವರು ಅವರವರ ಮನೆಯಲ್ಲೇ ಕೂತರೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ಆದರೆ ಈ ಗಂಟಿನ ವರದಿಗೆ ಕಾಯುತ್ತಿದ್ದೇನೆ ಎಂಬುದನ್ನು ನನ್ನ ಬಾಯಿಂದಲೇ ನಿಮಗೆ ಹೇಳಿದ್ದೇನೆ. ಚೆನ್ನಾಜಮ್ಮ ಒಂದಿಷ್ಟು ಆ ಕಡೆ ಸರಿದು ಜಾಗ ಮಾಡಿದ್ದಾಳೆ. ಸ್ವಲ್ಪ ಹೊತ್ತು ಕೂತಿರಿ.